ಮೊಲಕ್ಕೆ ಎಷ್ಟು ಸಾಧ್ಯವೋ ಅಷ್ಟೇ: ‘ವಾಟರ್‌ಶಿಪ್ ಡೌನ್’ ಬಗ್ಗೆ

ರಿಚರ್ಡ್ ಆಡಮ್ಸ್ ಬರೆದ ‘ವಾಟರ್‌ಶಿಪ್ ಡೌನ್’ ಕಾದಂಬರಿಯ ಮೊಲಗಳು ಕೋಟು ತೊಡುವುದಿಲ್ಲ, ಕತ್ತಿ ಹಿಡಿಯುವುದಿಲ್ಲ, ಮೇಜಿನ ಸುತ್ತ ಕೂತು ಚಹಾ ಕುಡಿಯುವುದಿಲ್ಲ. ಮಾತಾಡುತ್ತವೆ, ಕತೆ ಹೇಳಿಕೊಳ್ಳುತ್ತವೆ, ಅವುಗಳಲ್ಲೊಂದಕ್ಕೆ ಮುಂದೆ ಆಗಲಿರುವುದು ಮಸುಕಾಗಿ ಕಾಣುತ್ತದೆ. ಓದುಗರಿಂದ ಆಡಮ್ಸ್ ಕೇಳುವ ರಿಯಾಯಿತಿ ಇಷ್ಟೇ. ಮಿಕ್ಕ ನಾನೂರು ಚಿಲ್ಲರೆ ಪುಟಗಳ ಸಾಹಸವೆಲ್ಲ ಬಾಚಿಹಲ್ಲು, ಹಿಂಗಾಲು, ಮೂಗು, ಕಿವಿ ಇಷ್ಟರಲ್ಲೇ ನಡೆಯಬೇಕು. ಪ್ರಾಣಿಗಳೇ ನಾಯಕರಾಗಿರುವ ಮಕ್ಕಳ ಫ್ಯಾಂಟಸಿ ಕಾದಂಬರಿಗಳಿಗೆ ಇಂಗ್ಲಿಷಿನಲ್ಲಿ ಬರವಿಲ್ಲ. ಆ ರಾಶಿಯಲ್ಲಿ ಇದೊಂದು ಐವತ್ತು ವರ್ಷ ದಾಟಿದರೂ ಹಳಸದಿರುವುದಕ್ಕೆ ಈ ಬಡತನವೇ ಕಾರಣ ಎನ್ನುವುದು ನನ್ನ ವಾದ. ಪುಸ್ತಕ ಎಡವುವುದೂ ಲೇಖಕ ತನ್ನ ಕಟ್ಟಳೆಯನ್ನು ತಾನೇ ಸಡಿಲಿಸಿದ ಕಡೆಗಳಲ್ಲಿ. ಇಲ್ಲಿ ಕತೆಯ ತಿರುವುಗಳನ್ನು ಮುಚ್ಚಿಟ್ಟಿಲ್ಲ. ಇನ್ನೂ ಓದದವರು ಓದಿಯೇ ಬಂದರೆ ಚೆನ್ನ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಆಡಮ್ಸ್ ಹುಟ್ಟಿದ್ದು 1920ರಲ್ಲಿ, ಇಂಗ್ಲೆಂಡಿನ ನ್ಯೂಬರಿ ಎಂಬ ಊರಿನಲ್ಲಿ. ವೃತ್ತಿಯಿಂದ ಸರ್ಕಾರಿ ಅಧಿಕಾರಿ. ಕಾರಿನಲ್ಲಿ ಹೋಗುವಾಗ ಇಬ್ಬರು ಹೆಣ್ಣುಮಕ್ಕಳು ಕತೆಗಾಗಿ ಪೀಡಿಸಿದ್ದಕ್ಕೆ ಬಾಯಿಗೆ ಬಂದಂತೆ ಶುರುಮಾಡಿದ ಕತೆ, ಅವರದೇ ಒತ್ತಾಯಕ್ಕೆ ಕಾಗದಕ್ಕಿಳಿಯಿತು. ಹಲವು ಪ್ರಕಾಶಕರು ಬೇಡವೆಂದರು: ಚಿಕ್ಕ ಮಕ್ಕಳಿಗೆ ಭಾರ, ದೊಡ್ಡ ಮಕ್ಕಳಿಗೆ ಮೊಲದ ಕತೆ ಯಾಕೆ? ಕೊನೆಗೆ ರೆಕ್ಸ್ ಕಾಲಿಂಗ್ಸ್ ಎಂಬ ಪುಟ್ಟ ಪ್ರಕಾಶಕ 1972ರಲ್ಲಿ 2,500 ಪ್ರತಿ ಅಚ್ಚುಹಾಕಿದ. ಅದೇ ಸಾಲಿನ ಕಾರ್ನೆಗಿ ಪದಕ, ಹಿಂದೆಯೇ ಗಾರ್ಡಿಯನ್ ಪತ್ರಿಕೆಯ ಮಕ್ಕಳ ಸಾಹಿತ್ಯ ಬಹುಮಾನ. ಆಗ ಆಡಮ್ಸ್‌ಗೆ 52 ವರ್ಷ.

ಕತೆ ನಡೆಯುವ ನೆಲ ಕಲ್ಪಿತವಲ್ಲ. ನ್ಯೂಬರಿಯ ಪಕ್ಕದ ಸ್ಯಾಂಡಲ್‌ಫರ್ಡ್, ಎನ್‌ಬೋರ್ನ್ ಹೊಳೆ, ನಟ್‌ಹ್ಯಾಂಗರ್ ಎಂಬ ಹೊಲಮನೆ, ಟೆಸ್ಟ್ ನದಿ, ವಾಟರ್‌ಶಿಪ್ ಡೌನ್ ಎಂಬ ಗುಡ್ಡ ಎಲ್ಲವೂ ಇವತ್ತಿಗೂ ಇವೆ. ಡೌನ್ ಎಂದರೆ ಆ ಸೀಮೆಯ ಸೀಮೆಸುಣ್ಣದ ಗುಡ್ಡ: ನೀರು ನಿಲ್ಲದ ನೆಲ, ಮೇಲೆ ಗಿಡ್ಡ ಹುಲ್ಲು, ಬಿಲ ತೋಡಲು ಹೇಳಿ ಮಾಡಿಸಿದಂಥದು. ಸ್ಯಾಂಡಲ್‌ಫರ್ಡಿನ ತಮ್ಮ ಬಿಲ ಬಿಟ್ಟ ಹನ್ನೊಂದು ಮೊಲಗಳು ಹೇಜಲ್ ಎಂಬ ನಾಯಕನ ಹಿಂದೆ ಹೊಸ ನೆಲೆ ಹುಡುಕುತ್ತ ಆ ಗುಡ್ಡಕ್ಕೆ ಬರುವುದೇ ಕತೆಯ ಆರಂಭ. ನೇರ ಗೆರೆ ಎಳೆದರೆ ಎಂಟು ಕಿಲೋಮೀಟರ್ ಆಸುಪಾಸು. ಮನುಷ್ಯ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ತಲುಪುವ ದೂರ. ಕಾದಂಬರಿಯ ಮೊದಲ ಭಾಗ ಪೂರ್ತಿ ಅದಕ್ಕೇ ಹಿಡಿಯುತ್ತದೆ. ಬೇರೆ ಫ್ಯಾಂಟಸಿಗಳಲ್ಲಿ ಖಂಡಗಳನ್ನೇ ದಾಟಿದರೂ ದೂರವೆನಿಸುವುದಿಲ್ಲ. ಇಲ್ಲಿ ಒಂದು ಹುರುಳಿಕಾಯಿ ಹೊಲ, ಒಂದು ಡಾಂಬರು ರಸ್ತೆ, ಮೊಣಕಾಲುದ್ದದ ಹೀದರ್ ಪೊದೆಗಳ ಬಯಲು ದಾಟುವುದರಲ್ಲಿ ಉಸಿರು ಕಟ್ಟುತ್ತದೆ. ಕಣ್ಣನ್ನು ನೆಲದಿಂದ ಒಂದು ಗೇಣು ಮೇಲಕ್ಕಿಟ್ಟು ಬರೆದಿದ್ದಕ್ಕೆ ಬಂದ ಫಲವಿದು.

ಆಡಮ್ಸ್‌ಗೆ ಮೊಲದ ವಿಷಯ ಕಲಿಸಿದ ಪುಸ್ತಕ ಆರ್. ಎಂ. ಲಾಕ್ಲಿಯದು. ವೇಲ್ಸ್‌ನ ಓರಿಯಲ್ಟನ್ ಎಂಬಲ್ಲಿ ಕಾಡುಮೊಲಗಳನ್ನು ಬೇಲಿಯೊಳಗೆ ಬಿಟ್ಟು, ವರ್ಷಗಟ್ಟಲೆ ಗಮನಿಸಿ ಲಾಕ್ಲಿ ಬರೆದ ಅಧ್ಯಯನ 1964ರಲ್ಲಿ ಬಂದಿತ್ತು. ಅಪಾಯ ಕಂಡಾಗ ಹಿಂಗಾಲಿನಿಂದ ನೆಲ ಬಡಿಯುವುದು, ಗಲ್ಲದ ಗ್ರಂಥಿ ಉಜ್ಜಿ ಎಲ್ಲೆ ಗುರುತಿಸುವುದು, ತನ್ನದೇ ಮೆದು ಹಿಕ್ಕೆಯನ್ನು ಮತ್ತೆ ತಿಂದು ಜೀರ್ಣಿಸಿಕೊಳ್ಳುವುದು, ಭಯ ಮಿತಿಮೀರಿದಾಗ ಓಡದೆ ಕಲ್ಲಾಗಿ ಕೂತುಬಿಡುವುದು ಇವೆಲ್ಲ ಅದರಲ್ಲಿವೆ. ಕಾದಂಬರಿ ಇವುಗಳಲ್ಲಿ ಯಾವುದನ್ನೂ ಅಲಂಕಾರಕ್ಕೆಂದು ತರುವುದಿಲ್ಲ. ಕಲ್ಲಾಗಿ ಕೂರುವ ಆ ಸ್ಥಿತಿಗೆ ಮೊಲಗಳ ಭಾಷೆಯಲ್ಲಿ ‘ಥಾರ್ನ್’ ಎಂದು ಹೆಸರಿಟ್ಟು, ಯಾರು ಯಾವಾಗ ಥಾರ್ನ್ ಆಗಿಬಿಡಬಹುದು ಎಂಬ ಆತಂಕವನ್ನು ಪ್ರತಿ ಗಂಡಾಂತರದ ಒಳಗೂ ಹೊಸೆಯಲಾಗಿದೆ.

ಹಲ್ಲಿನ ವಿಷಯ ನೋಡಿ. ಮೊಲದ ಬಾಚಿಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಸವೆಸದೆ ವಿಧಿಯಿಲ್ಲ. ಕಾದಂಬರಿಯ ನಾಲ್ಕು ದೊಡ್ಡ ತಿರುವುಗಳು ಕಡಿಯುವ ಕೆಲಸದ ಮೇಲೆಯೇ ನಿಂತಿವೆ. ಗುಂಪಿನ ಬಿಗ್‌ವಿಗ್ ಉರುಲಿಗೆ ಸಿಕ್ಕಾಗ ಗೂಟವನ್ನು ಕಡಿಯುತ್ತಾರೆ. ಹೊಲಮನೆಯ ಗೂಡಿನಿಂದ ಸಾಕುಮೊಲಗಳನ್ನು ಬಿಡಿಸುವಾಗ ಬಾಗಿಲಿನ ಚರ್ಮದ ಕೀಲನ್ನು ಕಡಿಯುತ್ತಾರೆ. ಎಫ್ರಾಫಾ ಎಂಬ ಶತ್ರುಬಿಲದಿಂದ ಪಾರಾಗುವಾಗ ದೋಣಿ ಕಟ್ಟಿದ ಹಗ್ಗ, ಕೊನೆಯ ಮುತ್ತಿಗೆಯಲ್ಲಿ ನಾಯಿ ಕಟ್ಟಿದ ಹಗ್ಗ. ಒಂದೇ ಕ್ರಿಯೆ ನಾಲ್ಕು ಸಲ ಬಂದರೂ ಪುನರಾವರ್ತನೆ ಅನಿಸದಿರುವುದು ಕಡಿಯುವ ವಸ್ತು, ಸಿಗುವ ಸಮಯ, ತಪ್ಪಿದರೆ ತೆರಬೇಕಾದ ಬೆಲೆ ಬದಲಾಗುತ್ತ ಹೋಗುವುದರಿಂದ. ಮೊದಲ ಸಲ ಗೆಳೆಯನ ಉಸಿರು ನಿಲ್ಲುತ್ತಿದೆ. ಕೊನೆಯ ಸಲವಂತೂ ಹೇಜಲ್ ಮಲಗಿದ ನಾಯಿಯ ಮನೆಯ ಮಾಡಿನ ಮೇಲೇ ಕೂತು ಕಡಿಯುತ್ತಿದ್ದಾನೆ, ಹಗ್ಗ ತುಂಡಾದ ಗಳಿಗೆಗೇ ನಾಯಿ ಸ್ವತಂತ್ರ. ಮಕ್ಕಳ ಸಾಹಸಕತೆ ಬರೆಯುವವರು ಕದಿಯಬೇಕಾದ ಪಾಠವಿದು: ಹೊಸ ಶಕ್ತಿ ಕೊಡುತ್ತ ಹೋಗಬೇಡಿ, ಇರುವ ಒಂದೇ ಶಕ್ತಿಯ ಎದುರಿಗೆ ಹೊಸ ಅಡ್ಡಿ ತಂದಿಡಿ.

ಮೈಗೆ ಹಾಕಿದ ಬೇಲಿ ಬುದ್ಧಿಗೂ ಇದೆ. ಈ ಮೊಲಗಳಿಗೆ ನಾಲ್ಕರ ತನಕ ಮಾತ್ರ ಎಣಿಕೆ ಗೊತ್ತು, ಅದಕ್ಕಿಂತ ಹೆಚ್ಚಾದದ್ದೆಲ್ಲ ‘ಬಹಳ’. ಎನ್‌ಬೋರ್ನ್ ಹೊಳೆಯ ದಂಡೆಯಲ್ಲಿ ಹನ್ನೊಂದು ಮೊಲಗಳು ನಿಂತಿವೆ, ಕಾಡಿನಲ್ಲಿ ನಾಯಿಯೊಂದು ಅಲೆಯುತ್ತಿದೆ, ಪುಟಾಣಿ ಪಿಪ್ಕಿನ್ ಮತ್ತು ಫೈವರ್ ಇಬ್ಬರಿಗೂ ಈಜುವ ತ್ರಾಣವಿಲ್ಲ. ಬ್ಲ್ಯಾಕ್‌ಬೆರಿಗೆ ದಂಡೆಯ ಬಳಿ ಮರದ ಹಲಗೆಯೊಂದು ಕಾಣುತ್ತದೆ. ಹಲಗೆ ತೇಲುತ್ತದೆ, ಅದರ ಮೇಲೆ ಕೂತವರೂ ತೇಲುತ್ತಾರೆ. ಈ ಎರಡು ಸಂಗತಿಗಳನ್ನು ಜೋಡಿಸುವುದು ಅವನೊಬ್ಬನಿಗೆ ಸಾಧ್ಯವಾಗುತ್ತದೆ. ಹೇಜಲ್‌ಗೆ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಆದರೂ ಬ್ಲ್ಯಾಕ್‌ಬೆರಿ ಹೇಳಿದಂತೆ ಮಾಡಿ ಎನ್ನುತ್ತಾನೆ. ಹೇಜಲ್ ಎಂಥ ನಾಯಕ ಎಂಬುದನ್ನು ಆಡಮ್ಸ್ ಇಲ್ಲಿ ಒಂದೇ ಏಟಿಗೆ ತೋರಿಸಿಬಿಟ್ಟಿದ್ದಾರೆ. ಗುಂಪಿನಲ್ಲಿ ಗಟ್ಟಿಗ ಬಿಗ್‌ವಿಗ್, ಜಾಣ ಬ್ಲ್ಯಾಕ್‌ಬೆರಿ, ವೇಗದ ಓಟಗಾರನೂ ಕತೆಗಾರನೂ ಡ್ಯಾಂಡಲಯನ್, ದರ್ಶನ ಕಾಣುವವ ಫೈವರ್. ಹೇಜಲ್ ಇವುಗಳಲ್ಲಿ ಯಾವುದೂ ಅಲ್ಲ. ಯಾರ ಮಾತನ್ನು ಯಾವಾಗ ಕೇಳಬೇಕೆಂಬುದು ಮಾತ್ರ ಅವನಿಗೆ ಗೊತ್ತು. ಎರಡನೆಯ ಮಹಾಯುದ್ಧದಲ್ಲಿ ಆಡಮ್ಸ್ ಸೇವೆ ಸಲ್ಲಿಸಿದ, ಭೂಸೇನೆಯ ಏರ್‌ಬೋರ್ನ್ ದಳದ ಸರಬರಾಜು ತುಕಡಿಯ ಮೇಜರ್ ಜಾನ್ ಗಿಫರ್ಡ್ ಹೇಜಲ್‌ಗೂ, ಕ್ಯಾಪ್ಟನ್ ಡೆಸ್ಮಂಡ್ ಕ್ಯಾವನಾ ಬಿಗ್‌ವಿಗ್‌ಗೂ ಮಾದರಿ ಎಂದು ಅವರೇ ಬರೆದುಕೊಂಡಿದ್ದಾರೆ. ಅಬ್ಬರಿಸದ ಅಧಿಕಾರಿಯೊಬ್ಬನನ್ನು ಹತ್ತಿರದಿಂದ ಕಂಡವರು ಬರೆದ ಪಾತ್ರ ಎಂಬುದು ಓದುವಾಗಲೇ ಗೊತ್ತಾಗುತ್ತದೆ.

ಪುಸ್ತಕದ ಅತ್ಯುತ್ತಮ ಭಾಗ ಯಾವುದೆಂದು ಕೇಳಿದರೆ ಬಹುಪಾಲು ಓದುಗರು ಕೊನೆಯ ಯುದ್ಧ ಎನ್ನುತ್ತಾರೆ. ನನ್ನ ಮತ 12ರಿಂದ 17ನೆಯ ಅಧ್ಯಾಯದ ತನಕದ ಕೌಸ್ಲಿಪ್‌ನ ಬಿಲಕ್ಕೆ. ದಾರಿಯಲ್ಲಿ ಸಿಗುವ ಈ ಬಿಲದ ಮೊಲಗಳು ಎತ್ತರದವು, ಮಿರುಗುವ ಮೈಯವು, ಸಭ್ಯಸ್ಥ ನಡೆಯವು. ಹತ್ತಿರದ ರೈತ ದಿನಾ ಕ್ಯಾರೆಟ್ಟು, ಟರ್ನಿಪ್ಪು ಎಸೆದು ಹೋಗುತ್ತಾನೆ. ನರಿ, ಮುಂಗುಸಿಯಂಥ ವೀಸಲ್ ಯಾವುದೂ ಸುಳಿಯುವುದಿಲ್ಲ, ಆತನೇ ಹೊಡೆದು ಹಾಕುತ್ತಾನೆ. ಈ ಮೊಲಗಳು ಗೋಡೆಗೆ ಕಲ್ಲು ಒತ್ತಿ ಚಿತ್ರ ಮಾಡುತ್ತವೆ, ಕವಿತೆ ಹೇಳುತ್ತವೆ. ಆದರೆ ಅಷ್ಟು ದೊಡ್ಡ ಬಿಲದಲ್ಲಿ ಖಾಲಿ ಕೋಣೆಗಳು ತೀರಾ ಹೆಚ್ಚು. ‘ಇಂಥವನು ಎಲ್ಲಿ?’ ಎಂದು ಯಾರಾದರೂ ಕೇಳಿದರೆ ಉತ್ತರ ಬರುವುದಿಲ್ಲ, ಇನ್ಯಾರೋ ಜೋರಾಗಿ ಬೇರೆ ಮಾತೆತ್ತುತ್ತಾರೆ. ಹೊಸಬರು ಬಂದದ್ದು ಎಲ್ಲರಿಗೂ ಖುಷಿ. ಖುಷಿ ಯಾಕೆಂದು ಹೊಳೆದಾಗ ಬೆನ್ನಹುರಿ ತಣ್ಣಗಾಗುತ್ತದೆ: ಬೇಲಿಯ ಸಂದಿಗಳಲ್ಲಿ ರೈತ ತಂತಿಯ ಉರುಲು ಒಡ್ಡಿದ್ದಾನೆ, ಮೊಲಗಳ ಸಂಖ್ಯೆ ಏರಿದಷ್ಟೂ ಒಂದೊಂದರ ಪಾಲಿನ ಅಪಾಯ ಇಳಿಯುತ್ತದೆ.

ಉರುಲಿನ ಕೆಲಸವನ್ನು ಆಡಮ್ಸ್ ಬೇಟೆಗಾರನಷ್ಟೇ ಸ್ಪಷ್ಟವಾಗಿ ಬರೆದಿದ್ದಾರೆ. ಹೊಸೆದ ತಂತಿಯ ಜಾರುಗುಣಿಕೆ, ಅದರ ತುದಿ ನೆಲಕ್ಕೆ ಬಡಿದ ಗೂಟಕ್ಕೆ. ಪ್ರಾಣಿ ಮುಂದಕ್ಕೆಳೆದಷ್ಟೂ ಕುಣಿಕೆ ಬಿಗಿಯುತ್ತದೆ, ಗಾಬರಿಯೇ ಕೊಲ್ಲುತ್ತದೆ. ತಂತಿಯನ್ನು ಹಲ್ಲು ಮುರಿಯಲಾರದು. ಉಳಿದ ದಾರಿ ಒಂದೇ, ಸಿಕ್ಕಿಕೊಂಡವನು ಅಲ್ಲಾಡದೆ ಮಲಗಬೇಕು, ಉಳಿದವರು ಗೂಟದ ಸುತ್ತ ಮಣ್ಣು ಕೆದರಿ, ಸಣ್ಣ ಮೈಯವರನ್ನು ಗುಂಡಿಗಿಳಿಸಿ, ಮರವನ್ನು ಕಡಿಸಬೇಕು. ಮಲೆನಾಡಿನ ತೋಟದಂಚಿನಲ್ಲಿ ಹಂದಿಗೆಂದು ಒಡ್ಡಿದ ತಂತಿಗೆ ಚಿರತೆ ಸಿಕ್ಕಿ ಸತ್ತ ಸುದ್ದಿ ಓದಿರುವ ನಮಗೆ ಇದರಲ್ಲಿ ವಿವರಿಸಬೇಕಾದ್ದೇನೂ ಇಲ್ಲ. ಆ ಬಿಲದ ಮೊಲಗಳು ಸಹಾಯಕ್ಕೆ ಬರುವುದಿಲ್ಲ ಎಂಬುದು ಉರುಲಿಗಿಂತ ಭೀಕರ. ಅವುಗಳ ಕಲೆ, ಕಾವ್ಯ, ಶಿಷ್ಟಾಚಾರ ಎಲ್ಲವೂ ಒಂದು ಪ್ರಶ್ನೆಯನ್ನು ಕೇಳದಿರುವ ಉಪಾಯಗಳು. ಹತ್ತು ವರ್ಷದ ಓದುಗನಿಗೆ ಇಷ್ಟನ್ನು ಒಂದು ಭಾಷಣವಿಲ್ಲದೆ, ಖಾಲಿ ಕೋಣೆಗಳನ್ನು ತೋರಿಸಿಯೇ ದಾಟಿಸಿದ ಬರಹ ಬೇರೆಡೆ ಕಾಣುವುದು ಅಪರೂಪ.

ಎಫ್ರಾಫಾ ಇದರ ತಿರುವುಮುರುವು. ಜನರಲ್ ವೂಂಡ್‌ವರ್ಟ್ ಆಳುವ ಈ ಬಿಲ ಸೈನ್ಯದ ಶಿಬಿರವಿದ್ದಂತೆ. ಮರಿಯಾಗಿರುವಾಗಲೇ ಪ್ರತಿ ಮೊಲಕ್ಕೂ ಮೈಮೇಲೆ ಕಚ್ಚಿ ಗುರುತು ಹಾಕುತ್ತಾರೆ. ಯಾವ ಗುರುತಿನವರು ಯಾವ ಹೊತ್ತಿಗೆ ಮೇಲೆ ಬಂದು ಮೇಯಬೇಕು ಎಂಬುದು ನಿಗದಿ. ಹಿಕ್ಕೆ ಮುಚ್ಚಬೇಕು, ಬಿಲದ ಬಾಯಿ ಕಾಣದಂತೆ ಮರೆಮಾಡಬೇಕು, ಸುತ್ತ ಗಸ್ತು ತಿರುಗಬೇಕು. ಓಡಿಹೋಗಲು ನೋಡಿದ ಬ್ಲ್ಯಾಕವಾರ್‌ನ ಕಿವಿಗಳನ್ನು ಸೀಳಿ ಬಿಲದ ಬಾಯಲ್ಲಿ ಪ್ರದರ್ಶನಕ್ಕೆ ನಿಲ್ಲಿಸಿದ್ದಾರೆ. ವೂಂಡ್‌ವರ್ಟ್ ಇದನ್ನೆಲ್ಲ ಸುಮ್ಮನೆ ಕ್ರೌರ್ಯಕ್ಕೆ ಮಾಡಿದವನಲ್ಲ. ತಂದೆಯನ್ನು ಮನುಷ್ಯನ ಗುಂಡು, ತಾಯಿಯನ್ನು ವೀಸಲ್ ಕಣ್ಣೆದುರೇ ಕೊಂದಿವೆ. ಬಿಲವನ್ನು ಮನುಷ್ಯ ಪತ್ತೆಹಚ್ಚಬಾರದು, ರೋಗ ಒಳಗೆ ಬರಬಾರದು ಎಂಬ ಲೆಕ್ಕ ಅವನದು. ಆ ಹೆದರಿಕೆಗೆ ಬುಡವಿತ್ತು. 1953ರಲ್ಲಿ ಬ್ರಿಟನ್ನಿಗೆ ಹೊಕ್ಕ ಮಿಕ್ಸೊಮಟೋಸಿಸ್ ಎಂಬ ವೈರಸ್ ಕಾಯಿಲೆ ಕೆಲವೇ ವರ್ಷಗಳಲ್ಲಿ ಅಲ್ಲಿನ ಕಾಡುಮೊಲಗಳನ್ನು ಹೆಚ್ಚುಕಡಿಮೆ ಅಳಿಸಿಹಾಕಿತ್ತು. ಪುಸ್ತಕದಲ್ಲಿ ‘ಬಿಳಿ ಕುರುಡು’ ಎಂದು ಬರುವುದು ಅದೇ.

ಎಫ್ರಾಫಾ ಯಶಸ್ವಿಯೂ ಹೌದು, ಶತ್ರುಗಳಿಗೆ ಸಿಕ್ಕಿಲ್ಲ. ಹಾಗಾದರೆ ಅದರಲ್ಲಿ ತಪ್ಪೇನು? ಸಾಮಾನ್ಯ ಲೇಖಕ ಇಲ್ಲಿ ಸ್ವಾತಂತ್ರ್ಯದ ಮೇಲೊಂದು ಸಂಭಾಷಣೆ ಬರೆಯುತ್ತಿದ್ದ. ಆಡಮ್ಸ್ ಜೀವಶಾಸ್ತ್ರಕ್ಕೆ ಹೋಗುತ್ತಾರೆ. ಜನಸಂದಣಿಯೂ ಒತ್ತಡವೂ ಮಿತಿಮೀರಿದಾಗ ಹೆಣ್ಣುಮೊಲದ ಗರ್ಭದ ಭ್ರೂಣಗಳು ಹುಟ್ಟದೆ, ಗರ್ಭಪಾತವೂ ಆಗದೆ, ಮತ್ತೆ ತಾಯಿಯ ಮೈಗೇ ಕರಗಿಹೋಗುತ್ತವೆ. ಇದು ನಿಜವಾದ ಮೊಲಗಳಲ್ಲಿ ಆಗುವ ಸಂಗತಿ, ಲಾಕ್ಲಿ ದಾಖಲಿಸಿದ್ದು. ಎಫ್ರಾಫಾದಲ್ಲಿ ಹೆಣ್ಣುಗಳಿಗೆ ಮರಿಗಳಾಗುತ್ತಿಲ್ಲ. ಹೈಜೆಂತ್ಲೇ ಮತ್ತವಳ ಗೆಳತಿಯರು ಬಿಲ ಬಿಟ್ಟು ಹೋಗಲು ಅನುಮತಿ ಕೇಳಿದ್ದಾರೆ, ಸಿಕ್ಕಿಲ್ಲ. ದಬ್ಬಾಳಿಕೆಯ ಆಡಳಿತದ ಮೇಲಿನ ತೀರ್ಪನ್ನು ಹೀಗೆ ಒಂದು ಪ್ರಾಣಿಯ ಗರ್ಭಕೋಶದಲ್ಲಿ ಬರೆಯಬಹುದೆಂದು ಯಾರಿಗೆ ಹೊಳೆದೀತು! ಈ ಕಾದಂಬರಿಯನ್ನು ಶೀತಲಸಮರದ ರೂಪಕ, ಫ್ಯಾಸಿಸಂ ವಿಡಂಬನೆ ಎಂದೆಲ್ಲ ಓದುವವರಿದ್ದಾರೆ. ಆಡಮ್ಸ್ ಬದುಕಿರುವ ತನಕ ಅದನ್ನು ಒಪ್ಪಲಿಲ್ಲ, ಇದು ಮೊಲಗಳ ಕತೆ ಅಷ್ಟೇ ಎನ್ನುತ್ತಿದ್ದರು. ವಿನಯಕ್ಕೆ ಹೇಳಿದ ಮಾತೆಂದು ಅದನ್ನು ತಳ್ಳಿಹಾಕಬಾರದು. ರೂಪಕವೆಂದು ಓದಿದರೆ ಭ್ರೂಣಗಳ ವಿಷಯ ಬರಿಯ ಸಂಕೇತವಾಗಿಬಿಡುತ್ತದೆ. ಮೊಲವೆಂದು ಓದಿದರೆ ಅದು ನೋವು.

ಇನ್ನು ಮುತ್ತಿಗೆ. 46ನೆಯ ಅಧ್ಯಾಯದಿಂದ ಮೂರು ಅಧ್ಯಾಯ ನಿಲ್ಲಿಸದೆ ಓದಿಸಿಕೊಳ್ಳುತ್ತದೆ. ವೂಂಡ್‌ವರ್ಟ್ ಬಿಲಕ್ಕೆ ನುಗ್ಗಿದಾಗ ಇಕ್ಕಟ್ಟಿನ ಸುರಂಗದಲ್ಲಿ ಬಿಗ್‌ವಿಗ್ ಅಡ್ಡನಿಲ್ಲುತ್ತಾನೆ. ಶರಣಾಗು ಎಂದರೆ, ಈ ದಾರಿ ಕಾಯಲು ನನ್ನ ನಾಯಕ ಹೇಳಿದ್ದಾನೆ ಎನ್ನುತ್ತಾನೆ. ಇಷ್ಟು ದೊಡ್ಡ ಮೊಲವೇ ಸೇವಕನಾದರೆ ನಾಯಕ ಇನ್ನೆಷ್ಟು ದೊಡ್ಡವನಿರಬೇಕು ಎಂದು ವೂಂಡ್‌ವರ್ಟ್‌ನ ಎದೆ ಮೊದಲ ಬಾರಿಗೆ ಅದುರುತ್ತದೆ. ಬಲವೇ ಅಧಿಕಾರ ಎಂದುಕೊಂಡವನಿಗೆ ಕುಂಟುಕಾಲಿನ, ಸಾಧಾರಣ ಮೈಕಟ್ಟಿನ ಹೇಜಲ್‌ನನ್ನು ಊಹಿಸಿಕೊಳ್ಳಲೂ ಆಗದು. ಆ ಹೊತ್ತಿಗೆ ಹೇಜಲ್ ಹೊಲಮನೆಯಲ್ಲಿ ಹಗ್ಗ ಕಡಿಯುತ್ತಿದ್ದಾನೆ. ಡ್ಯಾಂಡಲಯನ್ ಮತ್ತು ಬ್ಲ್ಯಾಕ್‌ಬೆರಿ ತಾವೇ ಬೇಟೆಯಾಗಿ ಓಡಿ ನಾಯಿಯನ್ನು ಗುಡ್ಡಕ್ಕೆ ಹತ್ತಿಸುತ್ತಾರೆ. ಮೊಲ ನಾಯಿಯನ್ನು ಕೊಲ್ಲಲಾರದು, ಆದರೆ ಅದು ಅಟ್ಟಿಸಿಕೊಂಡು ಬರುವ ದಿಕ್ಕನ್ನು ತಾನು ನಿರ್ಧರಿಸಬಲ್ಲದು.

ಆಮೇಲೆ ಕಾದಂಬರಿ ಮೋಸ ಮಾಡುತ್ತದೆ. ಹೊಲಮನೆಯಲ್ಲಿ ಬೆಕ್ಕಿನ ಉಗುರಿಗೆ ಸಿಕ್ಕ ಹೇಜಲ್‌ನನ್ನು ಲೂಸಿ ಎಂಬ ಹುಡುಗಿ ಬಿಡಿಸುತ್ತಾಳೆ, ಊರಿನ ಡಾಕ್ಟರ ಕಾರಿನಲ್ಲಿ ಅವನು ಗುಡ್ಡದ ಬುಡಕ್ಕೆ ವಾಪಸಾಗುತ್ತಾನೆ. ಆ ಅಧ್ಯಾಯಕ್ಕೆ ಆಡಮ್ಸ್ ಇಟ್ಟ ಶೀರ್ಷಿಕೆಯೇ ‘ಡಿಯಾ ಎಕ್ಸ್ ಮಾಕಿನಾ’, ನಾಟಕದ ಕೊನೆಗೆ ಯಂತ್ರದಿಂದ ಇಳಿದುಬರುವ ದೇವಿ. ತಪ್ಪನ್ನು ತಾನೇ ಹೆಸರಿಟ್ಟು ಕರೆದರೆ ಕ್ಷಮೆ ಸಿಗುತ್ತದೆ ಎಂಬ ಭರವಸೆ! ನಾನಂತೂ ಅರ್ಧ ಕ್ಷಮಿಸುತ್ತೇನೆ. ಇಡೀ ಪುಸ್ತಕದಲ್ಲಿ ಮನುಷ್ಯ ಬರುವುದು ಬುಲ್ಡೋಜರ್, ವಿಷಗಾಳಿ, ಬಂದೂಕು, ಉರುಲುಗಳ ಜೊತೆಗೇ. ಒಂದು ಸಲವಾದರೂ ಇನ್ನೊಂದು ಮುಖ ಕಾಣಲಿ ಎಂಬ ತೂಕವಾದರೂ ಇದಕ್ಕಿದೆ.

ಅರ್ಧವೂ ಕ್ಷಮಿಸಲಾಗದ್ದು ಫೈವರ್‌ನ ದರ್ಶನಗಳ ವಿಷಯ. ಮೊದಲ ಅಧ್ಯಾಯದಲ್ಲಿ ಆರು ಎಕರೆ ಜಾಗದಲ್ಲಿ ಮನೆಗಳೇಳಲಿವೆ ಎಂಬ ಬೋರ್ಡಿನ ಬಳಿ ನಿಂತು, ಓದಲು ಬಾರದ ಫೈವರ್ ಹೊಲವೆಲ್ಲ ರಕ್ತವಾದಂತೆ ಕಾಣುತ್ತಾನೆ. ಅದು ಅದ್ಭುತ ಆರಂಭ. (ಅಂದಹಾಗೆ, ನಿಜವಾದ ಸ್ಯಾಂಡಲ್‌ಫರ್ಡ್‌ನಲ್ಲೇ ಸಾವಿರದಷ್ಟು ಮನೆಗಳ ಬಡಾವಣೆಗೆ 2022ರಲ್ಲಿ ಅನುಮತಿ ಸಿಕ್ಕಿತು.) ತೊಂದರೆಯೆಂದರೆ ಫೈವರ್ ಎಲ್ಲೂ ತಪ್ಪುವುದಿಲ್ಲ. ಕೌಸ್ಲಿಪ್‌ನ ಬಿಲ ಬೇಡ ಎಂದ, ಸರಿಯಾಯಿತು. ಹೊಲಮನೆಗೆ ಹೋಗಬೇಡ ಎಂದ, ಹೇಜಲ್‌ನ ಕಾಲಿಗೆ ಗುಂಡು ಬಿತ್ತು. ಸತ್ತನೆಂದು ಎಲ್ಲರೂ ಕೈಬಿಟ್ಟ ಹೇಜಲ್ ಚರಂಡಿಯೊಂದರಲ್ಲಿ ಬದುಕಿದ್ದಾನೆಂದು ಕನಸಿನಲ್ಲಿ ಕಂಡ, ಅದೂ ನಿಜ. ಒಂದು ಸಲ ತಪ್ಪಿದ್ದರೆ ಅವನನ್ನು ನಂಬುವುದೂ ಒಂದು ಸಾಹಸವಾಗುತ್ತಿತ್ತು.

ಇದಕ್ಕಿಂತ ದೊಡ್ಡ ಬಿರುಕು ಹೆಣ್ಣುಗಳ ವಿಷಯದಲ್ಲಿದೆ. ಸ್ಯಾಂಡಲ್‌ಫರ್ಡ್ ಬಿಟ್ಟ ಹನ್ನೊಂದೂ ಗಂಡುಗಳು. ಗುಡ್ಡ ಸೇರಿ, ಬಿಲ ಹೂಡಿದ ಮೇಲೆ, ಸಂತಾನವಿಲ್ಲದೆ ಬಿಲಕ್ಕೆ ಭವಿಷ್ಯವಿಲ್ಲ ಎಂದು ಅವರಿಗೆ ನೆನಪಾಗುತ್ತದೆ. ಅಲ್ಲಿಂದ ಮುಂದಿನ ಅರ್ಧ ಪುಸ್ತಕ ಹೆಣ್ಣುಗಳನ್ನು ತರುವ ದಂಡಯಾತ್ರೆ. ವಿಚಿತ್ರವೇನೆಂದರೆ, ಮೊಲದ ವಿಷಯದಲ್ಲಿ ಆಡಮ್ಸ್‌ಗೆ ಸತ್ಯ ಗೊತ್ತಿತ್ತು. ಬಿಲ ತೋಡುವುದು ಮುಖ್ಯವಾಗಿ ಹೆಣ್ಣುಗಳ ಕೆಲಸ, ಗಂಡುಗಳು ಗೀರಿ ಬಿಡುತ್ತವೆ ಅಷ್ಟೇ ಎಂದು ಕಾದಂಬರಿಯೇ ಹೇಳುತ್ತದೆ. ಗಂಡುಗಳು ಬೀಚ್ ಮರದ ಬೇರುಗಳನ್ನೇ ಕಂಬ ಮಾಡಿಕೊಂಡು ದೊಡ್ಡ ಕೋಣೆ ತೋಡುವುದನ್ನು ಅಪರೂಪದ ಸಾಧನೆಯೆಂದೇ ತೋರಿಸುತ್ತದೆ. ನಿಜವಾದ ಮೊಲಗಳಲ್ಲಿ ಬಿಲದ ನೆಲೆ ಹೆಣ್ಣುಗಳದು. ಅವಕ್ಕೆ ತಮ್ಮದೇ ಆದ ಮೇಲುಕೀಳಿನ ಶ್ರೇಣಿಯಿದೆ, ಒಳ್ಳೆಯ ಬಿಲಕ್ಕಾಗಿ ಅವು ಕಾದಾಡುತ್ತವೆ. ಉಳಿದೆಲ್ಲ ಕಡೆ ಪ್ರಕೃತಿಗೆ ನಿಷ್ಠನಾದ ಲೇಖಕ ಇಲ್ಲಿ ಮಾತ್ರ ಸೈನ್ಯದ ತುಕಡಿಯ ನೆನಪಿಗೆ ಮಣಿದ. ಹೈಜೆಂತ್ಲೇ ಬಂದಾಗ ಅವಳಿಗೆ ಫೈವರ್‌ನಂತೆ ಒಳಗಣ್ಣೂ ಇದೆ, ಬಿಗ್‌ವಿಗ್‌ನಷ್ಟು ಎದೆಗಾರಿಕೆಯೂ ಇದೆ. ಪಾರಾಗುವ ಯೋಜನೆಯಲ್ಲಿ ಅರ್ಧ ಭಾರ ಅವಳದೇ. ಗುಡ್ಡ ಸೇರಿದ ಮೇಲೆ ಅವಳು ಹೆಚ್ಚುಕಡಿಮೆ ಮಾಯ. ಆ ಕಾಲದ ರೂಢಿ ಎಂದು ಇದನ್ನು ಸಮರ್ಥಿಸುವವರಿದ್ದಾರೆ. ಕಾಲವನ್ನು ಯಾಕೆ ದೂರಬೇಕು, ಲಾಕ್ಲಿಯ ಪುಸ್ತಕವನ್ನೇ ಇನ್ನಷ್ಟು ನಿಷ್ಠೆಯಿಂದ ಅನುಸರಿಸಿದ್ದರೆ ಸಾಕಿತ್ತು.

ಮೊಲಗಳ ಪುರಾಣದ ಬಗ್ಗೆ ಹೇಳದೆ ಹೋದರೆ ಅನ್ಯಾಯ. ನಡುನಡುವೆ ಐದು ಕತೆಗಳು ಬರುತ್ತವೆ, ಎಲ್ಲವೂ ಎಲ್-ಅಹ್ರೈರಾ ಎಂಬ ಮೂಲಪುರುಷನವು. ಸೂರ್ಯದೇವ ಫ್ರಿತ್ ಪ್ರಾಣಿಗಳಿಗೆಲ್ಲ ವರ ಹಂಚುವಾಗ ಇವನು ಹೆದರಿ ಬಿಲ ತೋಡುತ್ತಿರುತ್ತಾನೆ, ಹಿಂಭಾಗವಷ್ಟೇ ಹೊರಗೆ. ದೇವರು ಅದಕ್ಕೇ ವರ ಕೊಡುತ್ತಾನೆ. ಬಿಳಿ ಬಾಲವೂ ನೀಳ ಹಿಂಗಾಲೂ ಬಂದದ್ದು ಹಾಗೆ. ಪಂಚತಂತ್ರದಲ್ಲಿ ಸಿಂಹಕ್ಕೆ ಬಾವಿಯ ನೀರಲ್ಲಿ ಅದರದೇ ನೆರಳು ತೋರಿಸಿದ ಮೊಲವನ್ನು ಬಲ್ಲ ನಮ್ಮ ಮಕ್ಕಳಿಗೆ ಈ ಠಕ್ಕ ತಕ್ಷಣ ನೆಂಟನಾಗುತ್ತಾನೆ. ಒಂದು ಭೇದವಿದೆ. ದುರ್ಗಸಿಂಹನ ಕಾಲದಿಂದಲೂ ನಾವು ಕೇಳುತ್ತ ಬಂದ ಆ ಕತೆಗಳಲ್ಲಿ ಪ್ರಾಣಿ ರಾಜನೀತಿಯನ್ನು ಆಡುತ್ತದೆ, ಕೇಳುವವನು ರಾಜಕುಮಾರ. ಇಲ್ಲಿ ಮೊಲ ಮೊಲಕ್ಕೆ ಹೇಳುವ ಕತೆ, ಕೇಳುವವರಿಗೆ ಬೇಕಾದದ್ದು ಈ ರಾತ್ರಿ ದಾಟುವ ಧೈರ್ಯ. ಅದಕ್ಕೇ ಯಾವ ಕತೆ ಎಲ್ಲಿ ಬರುತ್ತದೆ ಎಂಬುದು ಮುಖ್ಯ. ರಾಜನ ಲೆಟ್ಯೂಸ್ ಕದ್ದ ಕತೆಗೆ ಕೌಸ್ಲಿಪ್‌ನ ಬಳಗ ಸಭ್ಯವಾಗಿ ತಲೆದೂಗುತ್ತದೆ, ಯಾರೂ ಒಳಗೊಳಗೇ ಹಿಗ್ಗುವುದಿಲ್ಲ. ಕದಿಯಬೇಕಾದ ಅಗತ್ಯವೇ ತಪ್ಪಿದವರಿಗೆ ಕಳ್ಳನ ಕತೆ ಯಾಕೆ ಬೇಕು? ಎಫ್ರಾಫಾಕ್ಕೆ ಒಬ್ಬನೇ ಹೋಗಲಿರುವ ಬಿಗ್‌ವಿಗ್ ಮಾತ್ರ ಸಾವಿನ ಕಪ್ಪು ಮೊಲದ ಕತೆಯನ್ನೇ ಕೇಳಿ ಹೇಳಿಸಿಕೊಳ್ಳುತ್ತಾನೆ.

ಕನ್ನಡದ ಮನೆಗಳಲ್ಲಿ ಇದನ್ನು ಮಕ್ಕಳಿಗೆ ಓದಿಸುವವರಿಗೆ ಕೆಲವು ಸಂಗತಿ. ನಮ್ಮ ಕುರುಚಲು ಕಾಡಿನ ಮೊಲ ಬೇರೆ ಜಾತಿಯದು. ಅದು ಬಿಲ ತೋಡುವುದಿಲ್ಲ, ಒಂಟಿಯಾಗಿ ಹುಲ್ಲಿನ ತಗ್ಗಿನಲ್ಲಿ ಮಲಗುತ್ತದೆ, ಮರಿಗಳು ಕಣ್ಣು ತೆರೆದು ಕೂದಲು ಸಮೇತ ಹುಟ್ಟುತ್ತವೆ. ಕತೆಯವು ಯೂರೋಪಿನ ಬಿಲವಾಸಿ ಮೊಲಗಳು. ನಮ್ಮಲ್ಲಿ ಪಂಜರದಲ್ಲಿ ಸಾಕುವ ಬಿಳಿ ಮೊಲಗಳು ಆ ಜಾತಿಯವೇ. ಇದನ್ನು ಮೊದಲೇ ಹೇಳದಿದ್ದರೆ ಹಳ್ಳಿಯ ಮಗು ‘ಮೊಲ ಎಲ್ಲಾದರೂ ಬಿಲ ತೋಡುತ್ತದೆಯೇ’ ಎಂದು ಸರಿಯಾಗಿಯೇ ಕೇಳುತ್ತದೆ.

ಪುಸ್ತಕದಲ್ಲಿ 50 ಅಧ್ಯಾಯಗಳು, ಮೇಲೊಂದು ಉಪಸಂಹಾರ. ದಿನಕ್ಕೊಂದರಂತೆ ಗಟ್ಟಿಯಾಗಿ ಓದಿದರೆ ಎರಡು ತಿಂಗಳ ಕೆಲಸ. ಪ್ರತಿ ಅಧ್ಯಾಯದ ತಲೆಯ ಮೇಲೆ ಗ್ರೀಕ್ ನಾಟಕದಿಂದ ಹಿಡಿದು ಏನೇನೋ ಉಲ್ಲೇಖಗಳಿವೆ, ಮಕ್ಕಳಿಗೆ ಓದುವಾಗ ಬಿಟ್ಟುಬಿಡಿ. ಮೊದಲ ನಾಲ್ಕೈದು ಅಧ್ಯಾಯ ನಿಧಾನ; ಹೆಸರುಗಳಲ್ಲಿ ಹೆಚ್ಚಿನವು ಅಲ್ಲಿನ ಗಿಡಗಳವು, ಒಂದರಿಂದ ಒಂದನ್ನು ಬಿಡಿಸಿಕೊಳ್ಳುವುದು ಕಷ್ಟ. ಮಗು ಇಲ್ಲಿಯೇ ಕೈಬಿಡುವುದು ಹೆಚ್ಚು. ಹೇಜಲ್, ಫೈವರ್, ಬಿಗ್‌ವಿಗ್, ಬ್ಲ್ಯಾಕ್‌ಬೆರಿ, ಪಿಪ್ಕಿನ್ ಈ ಐವರನ್ನು ಹಿಡಿದುಕೊಂಡರೆ ಹೊಳೆಯ ತನಕ ಸಾಕು, ಉಳಿದವರು ತಾವಾಗಿ ಗುರುತಾಗುತ್ತಾರೆ. 17ನೆಯ ಅಧ್ಯಾಯವನ್ನು ನಡುವೆ ನಿಲ್ಲಿಸಿ ದೀಪ ಆರಿಸಬೇಡಿ, ಅದೇ ರಾತ್ರಿ ಓದಿ ಮುಗಿಸಿ. ಬಿಗ್‌ವಿಗ್ ಬದುಕಿದ್ದು ಗೊತ್ತಾಗದೆ ಯಾವ ಮಗುವೂ ನಿದ್ದೆ ಮಾಡದು. 21ನೆಯದು ತೀರಾ ಕಠಿಣ: ಸ್ಯಾಂಡಲ್‌ಫರ್ಡಿನ ಬಿಲದ ಬಾಯಿಗಳನ್ನು ಮುಚ್ಚಿ ವಿಷಗಾಳಿ ಬಿಟ್ಟದ್ದನ್ನು, ಒಳಗೆ ಮೊಲಗಳು ಒಂದರ ಮೇಲೊಂದು ಬಿದ್ದು ಸತ್ತದ್ದನ್ನು ಹಾಲಿ ಎಂಬ ಮೊಲ ವಿವರಿಸುತ್ತದೆ. ಅದನ್ನು ಹಾರಿಸಿದರೆ ಮುಂದಿನದು ಅರ್ಥ ಕಳೆದುಕೊಳ್ಳುತ್ತದೆ, ಆದ್ದರಿಂದ ಹಗಲಲ್ಲಿ ಓದಿ. ತಾನೇ ಓದಿಕೊಳ್ಳಲು ಹತ್ತು ಹನ್ನೊಂದು ವಯಸ್ಸು ಸರಿ. ಕಡಲಹಕ್ಕಿ ಕೆಹಾರ್‌ನ ತೊದಲು ಇಂಗ್ಲಿಷ್ ಕಣ್ಣಿಗೆ ತೊಡಕು, ಬಾಯಲ್ಲಿ ಓದಿದರೆ ಮಜಾ. ಮೊಲಗಳ ಭಾಷೆಯ ಪದಗಳಿಗೆ ಅರ್ಥ ಹೇಳುತ್ತ ಕೂರಬೇಡಿ. ಅವು ಸಂದರ್ಭದಿಂದಲೇ ತಲೆಗೆ ಇಳಿಯುತ್ತವೆ, ಮುತ್ತಿಗೆಯ ಹೊತ್ತಿಗೆ ಬಿಗ್‌ವಿಗ್ ವೂಂಡ್‌ವರ್ಟ್‌ಗೆ ಶುದ್ಧ ಮೊಲಭಾಷೆಯಲ್ಲಿ ಬೈದಾಗ ಅನುವಾದವಿಲ್ಲದೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ಸಿನಿಮಾವನ್ನು ಮೊದಲು ತೋರಿಸುವ ಆಸೆಯನ್ನು ತಡೆದುಕೊಳ್ಳಿ. ಮಾರ್ಟಿನ್ ರೋಸನ್ 1978ರಲ್ಲಿ ಮಾಡಿದ ಅನಿಮೇಷನ್ ಚಿತ್ರಕ್ಕೆ ಬ್ರಿಟನ್ನಿನಲ್ಲಿ ಎಲ್ಲ ವಯಸ್ಸಿನವರೂ ನೋಡಬಹುದೆಂಬ ಪ್ರಮಾಣಪತ್ರ ಸಿಕ್ಕಿ, ಅದನ್ನು ನೋಡಿ ಬೆದರಿದ ಮಕ್ಕಳದೇ ಒಂದು ತಲೆಮಾರು ಬೆಳೆಯಿತು. ದಶಕಗಳು ಕಳೆದ ಮೇಲೆ ಅದನ್ನು ಪೋಷಕರ ಮಾರ್ಗದರ್ಶನದ ವರ್ಗಕ್ಕೆ ಬದಲಿಸಿದರು. ಪುಸ್ತಕದಲ್ಲಿ ರಕ್ತಕ್ಕಿಂತ ಮೊದಲು ಕಾಯುವಿಕೆ ಇದೆ, ಕತೆಗಳಿವೆ, ಮೇಯುವ ಸಂಜೆಗಳಿವೆ. ತೊಂಬತ್ತು ನಿಮಿಷದ ಚಿತ್ರದಲ್ಲಿ ಅವು ತೆಳುವಾಗಿ ರಕ್ತವೇ ಮುಂದೆ ಬರುತ್ತದೆ. 1996ರಲ್ಲಿ ಆಡಮ್ಸ್ ಇದೇ ಗುಡ್ಡದ ಬಿಡಿಕತೆಗಳ ಸಂಕಲನವೊಂದನ್ನು ತಂದರು. ಅದರಲ್ಲಿ ಹೈಜೆಂತ್ಲೇ ಹೇಜಲ್‌ನ ಜೊತೆಗೆ ಆಳುವ ನಾಯಕಿ. ಬಾಕಿ ತೀರಿಸುವ ಪ್ರಯತ್ನ ಎನ್ನಬಹುದು, ಆದರೆ ಕತೆಗಳಲ್ಲಿ ಕಸುವಿಲ್ಲ, ಕಾದಂಬರಿ ಓದಿ ಮನಸ್ಸು ತಣಿಯದವರಿಗೆ ಮಾತ್ರ. ಪುಸ್ತಕ ಕೊಳ್ಳುವಾಗ ನಕ್ಷೆ ಇದೆಯೇ ಎಂದು ಒಮ್ಮೆ ಪುಟ ತಿರುವಿ ನೋಡಿ; ಹೊಲಮನೆ, ರೈಲುಹಳಿ, ಟೆಸ್ಟ್ ನದಿಯ ಸೇತುವೆ ಎಲ್ಲಿವೆಯೆಂದು ಗೊತ್ತಿಲ್ಲದೆ ಮೂರನೆಯ ಭಾಗದ ಪಲಾಯನವನ್ನು ಹಿಂಬಾಲಿಸುವುದು ದೊಡ್ಡವರಿಗೂ ಕಷ್ಟ.